ಕೊಟ್ಟಿಗೆಯಲ್ಲಿ ಕೇಳಬಾರದ ಪ್ರಶ್ನೆ

ದೇಶದಲ್ಲಿ ಹಸು ಕಟ್ಟಿ ಹಾಲು ಕರೆಯುವ ಹೆಂಗಸರನ್ನೆಲ್ಲ ಒಂದು ಕಡೆ ಕೂರಿಸಿ, ಪರದೇಶದವರು ಮುಂದಿಟ್ಟ ಒಪ್ಪಂದದ ಒಂದೊಂದು ಸಾಲನ್ನೂ ಓದಿ ಹೇಳಿ, 'ಏನಮ್ಮಾ, ಒಪ್ಪೋಣವೇ?' ಎಂದು ಕೇಳುವಂತಿದ್ದರೆ ಹೇಗಿರುತ್ತಿತ್ತು? ಮೊದಲು ಇದನ್ನು ಕೇಳಿದವರು ಯಾರೋ, ಈಗ ಯಾರಿಗೂ ನೆನಪಿಲ್ಲ. ಉತ್ತರ ಮಾತ್ರ ದೆಹಲಿಯ ಸಮ್ಮೇಳನ ಭವನದ ಎರಡನೇ ಮಹಡಿಯಲ್ಲಿ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ತಣ್ಣಗೆ ಗುಂಯ್‌ಗುಡುತ್ತಿತ್ತು. ಅಲ್ಲಿ ಹೆಂಗಸರಿರಲಿಲ್ಲ. ಅವರ ನೆರಳುಗಳಿದ್ದವು.

ಹನ್ನೆರಡು ಸಾವಿರ ಮನೆಗಳ ಕೊಟ್ಟಿಗೆಯಲ್ಲಿ ಉಪ್ಪಿನ ಡಬ್ಬಿಯಷ್ಟು ದಪ್ಪದ ಒಂದೊಂದು ಪೆಟ್ಟಿಗೆ ತೂಗುಹಾಕಿದ್ದರು. ಒಂದು ವರ್ಷ, ದಿನಕ್ಕೆರಡು ಹೊತ್ತು, ಹಾಲು ಕರೆಯುವ ವೇಳೆಗೆ ಅದು ಆಯಾ ಸೀಮೆಯ ಮಾತಿನಲ್ಲಿ ಒಂದು ಪ್ರಶ್ನೆ ಕೇಳುತ್ತಿತ್ತು. ಬೂಸದ ಬೆಲೆ ಏರಿದರೆ ಏನು ಮಾಡುತ್ತೀರಿ? ಮಳೆ ಕೈಕೊಟ್ಟರೆ? ಡೇರಿಯಲ್ಲಿ ಲೀಟರಿಗೆ ಇಷ್ಟೇ ಕೊಟ್ಟರೆ ಹಸು ಇಟ್ಟುಕೊಳ್ಳುತ್ತೀರೋ ಮಾರುತ್ತೀರೋ? ಹೆಂಗಸರು ಕೆಚ್ಚಲಿನಿಂದ ಕೈ ತೆಗೆಯದೆ ಉತ್ತರ ಕೊಡುತ್ತಿದ್ದರು. ಏಳುನೂರು ಚಿಲ್ಲರೆ ಉತ್ತರ ಸೇರುವ ಹೊತ್ತಿಗೆ ಯಂತ್ರಕ್ಕೆ ಆ ಹೆಂಗಸಿನ ಜಾಡು ಸಿಕ್ಕಿಬಿಡುತ್ತಿತ್ತು. ಆಮೇಲೆ, ಯಾವತ್ತೂ ಕೇಳದ ಪ್ರಶ್ನೆಗೂ ಅದು ಅವಳ ದನಿಯಲ್ಲಿ ಅವಳಂತೆಯೇ ಉತ್ತರಿಸುತ್ತಿತ್ತು. ಅದೇ ನೆರಳು.

ಈ ನೆರಳುಗಳನ್ನು ಕಟ್ಟಿದವಳು ಸಿಂಚನಾ. ಸಂಖ್ಯಾಶಾಸ್ತ್ರ ಓದಿದವಳು, ಮೂವತ್ತೊಂದು ವರ್ಷ. ಗಂಡ ಲೋಹಿತ್ ತೀರಿಕೊಂಡು ಮೂರು ವರ್ಷವಾಗಿತ್ತು.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಬಾಳಿಗರು ಒಂದು ಹಾಳೆ ಹಿಡಿದು ಒಳಗೆ ಬಂದರು. ನಮ್ಮ ಕಡೆಯ ಮುಖ್ಯ ಸಂಧಾನಕಾರರು. ಮಂಗಳೂರಿನವರಾದ್ದರಿಂದ ಅವಳೊಡನೆ ಕನ್ನಡದಲ್ಲೇ ಮಾತು.

"ಹಾಲಿನ ಪುಡಿ ಮೇಲಿನ ಸುಂಕ ಏಳು ವರ್ಷದಲ್ಲಿ ಶೇಕಡಾ ಅರವತ್ತರಿಂದ ಹತ್ತಕ್ಕೆ ಇಳಿಸಬೇಕಂತೆ," ಎಂದರು. "ನಿಮ್ಮ ಅಮ್ಮಂದಿರ ಹತ್ತಿರ ಒಂದು ಮಾತು ಕೇಳಿಬಿಡಿ."

ಸುಂಕ ಇಳಿದರೆ ಅಗ್ಗದ ಪುಡಿ ಹಡಗಿನಲ್ಲಿ ಬಂದು ಬೀಳುತ್ತದೆ, ಹಳ್ಳಿಯ ಡೇರಿಯಲ್ಲಿ ಹಾಲಿನ ಬೆಲೆ ಇಳಿಯುತ್ತದೆ. ಎಷ್ಟಕ್ಕೆ ಇಳಿದರೆ ಹತ್ತರಲ್ಲಿ ಇಬ್ಬರು ಹಸು ಮಾರಿಬಿಡುತ್ತಾರೋ ಅದು ನಮ್ಮ ಗೆರೆ. ಗೆರೆಯಿಂದ ಕೆಳಗೆ ಯಾರೂ ಇಳಿಯುವಂತಿಲ್ಲ. ಅದರ ಮೇಲೆ ಏನು ಬೇಕಾದರೂ ಕೊಟ್ಟು ತೆಗೆದುಕೊಳ್ಳಬಹುದು. ಬಾಳಿಗರ ಕೆಲಸವೆಲ್ಲ ಆ ಗೆರೆಯನ್ನು ನಂಬಿ ನಡೆಯುತ್ತಿತ್ತು.

ನಾಲ್ಕು ನಿಮಿಷದಲ್ಲಿ ಪರದೆಯ ಮೇಲೆ ಸಂಖ್ಯೆ ಬಂತು. ಇಪ್ಪತ್ತನಾಲ್ಕು ರೂಪಾಯಿ. ಎರಡು ತಿಂಗಳ ಹಿಂದೆ ಮೊದಲ ಸಲ ಲೆಕ್ಕ ಹಾಕಿದಾಗಲೂ ಅಷ್ಟೇ ಬಂದಿತ್ತು. ಅದು ಹೇಗೋ ಪತ್ರಿಕೆಗಳಿಗೆ ಸೋರಿ, 'ಇಪ್ಪತ್ತನಾಲ್ಕಾದರೂ ಹಸು ಬಿಡರು' ಎಂದು ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿತ್ತು.

"ಗಟ್ಟಿ ಜನ ಮಾರಾಯ್ರೆ," ಎಂದರು ಬಾಳಿಗರು. "ನನ್ನ ಹೆಂಡತಿ ಪ್ಯಾಕೆಟ್ಟಿಗೆ ಎರಡು ರೂಪಾಯಿ ಏರಿದ ದಿನ ನನಗೆ ಕಾಫಿ ಕೊಡುವುದಿಲ್ಲ. ಇವರು ನೋಡಿ, ಮೂವತ್ತೆಂಟರಿಂದ ಇಪ್ಪತ್ತನಾಲ್ಕಕ್ಕೆ ಇಳಿದರೂ ಹಗ್ಗ ಬಿಡುವುದಿಲ್ಲ."

"ಲೆಕ್ಕ ಹಾಗೆ ಹೇಳುತ್ತೆ ಸರ್."

"ನೀವೇನು ಹೇಳುತ್ತೀರಿ?"

"ನಾನು ಲೆಕ್ಕದವಳು."

ಅವರು ನಕ್ಕು ಹೊರಟರು. ಸಂಜೆಯೊಳಗೆ ಹಾಲಿನ ಪುಡಿಯ ಸಾಲು ಮೇಜಿನ ಮೇಲೆ ಹೋಯಿತು. ಸಹಿ ಮುಂದಿನ ಬುಧವಾರ. ನಡುವೆ ನಾಲ್ಕು ದಿನ ಬಿಡುವು.

ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ ಸಿಂಚನಾ ಒಂದು ತಪ್ಪು ಮಾಡುತ್ತಿದ್ದಳು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ನಾಲ್ಕು ಸಾವಿರದ ನೂರ ಹದಿನೇಳನೆಯ ನೆರಳನ್ನು ಮಾತಾಡಿಸುತ್ತಿದ್ದಳು. ಅದು ಅವಳ ಅತ್ತೆ ಜವರಮ್ಮನದು.

"ಇಪ್ಪತ್ತನಾಲ್ಕು ರೂಪಾಯಿ ಕೊಟ್ಟರೆ ಹಸು ಮಾರ್ತೀರಾ?"

"ಬುಡ್ತು ಅನ್ನು ಮಗ," ಎಂದಿತು ನೆರಳು. "ಮಾರೋ ಮಾತೆಲ್ಲಿ ಬಂತು."

ಕೇಳಬೇಕಾದ್ದೇನೂ ಇರಲಿಲ್ಲ. ಆ ದನಿ ಬೇಕಾಗಿತ್ತು, ಅಷ್ಟೇ.

*

ಶುಕ್ರವಾರ ಅವಳು ಊರಿಗೆ ಹೋದಳು. ನಾಗಮಂಗಲದಲ್ಲಿ ಬಸ್ಸಿಳಿದು ಆಟೋದಲ್ಲಿ ಕೊಪ್ಪಲು ಮುಟ್ಟುವಾಗ ಸಂಜೆ ಐದೂವರೆ. ಅತ್ತೆ ಮನೆಯಲ್ಲಿರುವುದಿಲ್ಲವೆಂದು ಗೊತ್ತಿದ್ದರಿಂದ ನೇರ ಡೇರಿಯ ಬಳಿಗೇ ಹೋದಳು. ಸ್ಟೀಲ್ ಕ್ಯಾನುಗಳ ಸಾಲು. ಜವರಮ್ಮ ನಾಲ್ಕನೆಯವಳಾಗಿ ನಿಂತಿದ್ದಳು. ಹಿಂದೆ ಪಕ್ಕದ ಮನೆಯ ಪುಟ್ಟತಾಯಮ್ಮ.

"ಓ, ಸರ್ಕಾರ ಬಂತು, ದಾರಿ ಬುಡ್ರವ್ವ," ಎಂದಳು ಪುಟ್ಟತಾಯಮ್ಮ. "ಏನವ್ವ ಸಿಂಚನಾ, ಈ ಸಲ ಇನ್ನೇನ್ ಪೆಟ್ಗೆ ತಂದಿದ್ದೀಯೆ?"

"ಏನೂ ತಂದಿಲ್ಲ ದೊಡ್ಡಮ್ಮ. ನೋಡ್ಕೊಂಡು ಹೋಗೋಣ ಅಂತ ಬಂದೆ."

"ನಮ್ ಯಜಮಾನ್ರು ನಲವತ್ತೊರ್ಸದಲ್ಲಿ ಒಂದಿನ ನಿನ್ಗೇನ್ ಬೇಕು ಅಂತ ಕೇಳ್ನಿಲ್ಲ. ನಿನ್ ಪೆಟ್ಗೆ ದಿನಾ ಎಲ್ಡೊತ್ತು ಕೇಳ್ತಿತ್ತು. ಅದನ್ನೇ ಕಟ್ಕೊಂಡಿದ್ರೆ ಆಯ್ತಿತ್ತೇನೋ."

ಸಾಲು ನಕ್ಕಿತು. ಜವರಮ್ಮ ನಗಲಿಲ್ಲ. ಸೊಸೆಯ ಕೈಯ ಚೀಲ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು. ಡೇರಿಯ ಗೋಡೆಗೆ ಹೊಸ ಚೀಟಿ ಅಂಟಿಸಿತ್ತು: ಲೀಟರಿಗೆ ಮೂವತ್ತೈದು. ಮೂರು ರೂಪಾಯಿ ಕಡಿಮೆ.

"ಯಾವಾಗಿಂದ ಇದು?" ಸಿಂಚನಾ ಕೇಳಿದಳು.

"ತಿಂಗಳಾಯ್ತು," ಎಂದಳು ಪುಟ್ಟತಾಯಮ್ಮ. "ಇನ್ನೂ ಇಳೀತದಂತೆ. ಪೇಪರ್‌ನಲ್ಲಿ ಬಂದದಂತೆ, ನಾವು ಎಷ್ಟ್ ಕೊಟ್ರೂ ತಡ್ಕೊತೀವಿ ಅಂತ. ಯಾರ್ ಯೋಳಿದ್ರೋ ಅವ್ರ ಬಾಯಿಗೆ ಮಣ್ಣಾಕ."

ಸಿಂಚನಾ ಚೀಟಿಯನ್ನು ಇನ್ನೊಂದು ಸಲ ಓದಿದಳು. ಓದಲು ಅದರಲ್ಲಿ ಮತ್ತೇನೂ ಇರಲಿಲ್ಲ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಕೊಟ್ಟಿಗೆಯಲ್ಲಿ ಎರಡು ಹಸು, ಕೆಂಪಿ ಮತ್ತು ಗೌರಿ. ಕೆಂಪಿಯನ್ನು ಲೋಹಿತ್ ಮದುವೆಯಾದ ವರ್ಷ ಕರುವಾಗಿದ್ದಾಗ ತಂದಿದ್ದ, ಟೆಂಪೋದ ಹಿಂದೆ ತಾನೂ ಅದರ ಜೊತೆ ಕೂತುಕೊಂಡು. ಸ್ವಿಚ್ಚಿನ ಪಕ್ಕ ಮೊಳೆಗೆ ಪೆಟ್ಟಿಗೆ ತೂಗುತ್ತಿತ್ತು. ವರ್ಷ ಮುಗಿದಿದ್ದರಿಂದ ಅದೀಗ ಏನೂ ಕೇಳುತ್ತಿರಲಿಲ್ಲ. ಆದರೂ ಜವರಮ್ಮ ಅದರ ಮೇಲಿನ ಧೂಳು ಒರೆಸಿಟ್ಟಿದ್ದಳು.

ಸಿಂಚನಾ ಕೆಂಪಿಯ ಗಂಗೆದೊಗಲು ನೀವುತ್ತ ನಿಂತಳು. "ಅತ್ತೆ, ಮೂವತ್ತೈದರಲ್ಲಿ ಗಿಟ್ಟುತ್ತಾ?"

ಜವರಮ್ಮ ಹುಲ್ಲು ಉದುರಿಸುವುದನ್ನು ನಿಲ್ಲಿಸಿದಳು. ಕೈ ಒರೆಸಿಕೊಂಡು, ತುಟಿಯಷ್ಟೇ ಅಲುಗಿಸಿ, "ಆಚ್ಗೆ ಬಾ, ಯೋಳ್ತೀನಿ," ಎಂದಳು.

ಹುಲ್ಲಿನ ಬಣವೆ ದಾಟಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ನಿಂತರು. ಜವರಮ್ಮ ಹಿಂದೆ ತಿರುಗಿ ಒಮ್ಮೆ ಕೊಟ್ಟಿಗೆಯ ಕಡೆ ನೋಡಿದಳು.

"ಕೆಂಪೀನ ಮಾರ್ಬುಟ್ಟಿದ್ದೀನಿ ಕಣವ್ವ."

"ಯಾರಿಗೆ?"

"ಬೆಳ್ಳೂರ್ ಕಡೆಯವ್ರು. ಭಾನುವಾರ ಬಂದು ಹೊಡ್ಕೊಂಡ್ ಹೋಯ್ತಾರೆ. ಮುಂಗಡ ಈಸ್ಕೊಂಡಾಯ್ತು, ನೀನೇನೂ ಮಾತಾಡ್ಬೇಡ. ಬೂಸ ಆ ಪಾಟಿ ಏರದೆ, ಇವ್ರು ಇಳಿಸ್ತಾನೇ ಅವ್ರೆ. ಎಲ್ಡು ಕಟ್ಟಿ ಎಲ್ಡುನ್ನೂ ಉಪಾಸ ಕೆಡವೋದು ಯಾವ ನ್ಯಾಯ? ಒಂದಾರ ಹೊಟ್ಟೆ ತುಂಬ ತಿನ್ಲಿ."

"ನಾನು ಕಳಿಸ್ತಿದ್ನಲ್ಲ ಅತ್ತೆ."

"ನಿನ್ ಸಂಬಳದಲ್ಲಿ ಹಸ ಸಾಕಿದ್ರೆ ಅದು ಸಾಕಾಣ್ಕೆನಾ? ಷೋಕಿ."

ಸಿಂಚನಾ ಕೊಟ್ಟಿಗೆಯ ಕಡೆ ಕೈ ತೋರಿಸಿದಳು. "ವರ್ಷವೆಲ್ಲ ಪೆಟ್ಟಿಗೆ ಇದನ್ನೇ ಕೇಳ್ತಲ್ಲ. ಮಾರ್ತೀರಾ ಅಂತ. ನೀವು ಬುಡ್ತು ಅನ್ನು ಅಂದಿರಿ."

"ಇನ್ನೇನನ್ಲಿ? ಹಸೀನ ಮುಂದೆ ಅದ್ನ ಮಾರೋ ಮಾತ ಆಡಾಕಾಯ್ತದಾ? ಅದ್ಕೆ ಕಿವಿ ಇಲ್ವಾ? ಆ ಮಾತು ಬಿದ್ದ ದಿನ ಮೇವು ಮುಟ್ಟಲ್ಲ, ಸೊರ ಬುಡಲ್ಲ, ಹಾಲೇ ಇಳ್ಯಲ್ಲ." ಜವರಮ್ಮ ಸೊಸೆಯನ್ನು ನೋಡಿದಳು. "ನಾನು ಯೋಳಿದ್ನಪ್ಪ ಅದ್ಕೆ. ಆಚ್ಗೆ ಬಾ, ಯೋಳ್ತೀನಿ ಅಂತ. ಒಂದಿನಾನೂ ಬರ್ನಿಲ್ಲ. ಮೊಳೆಗೆ ತಗಲಾಕಿರೋದು ಎಲ್ಲಿಗ್ ಬಂದಾತು."

ಸಿಂಚನಾ ಒಗೆಯುವ ಕಲ್ಲಿನ ಮೇಲೆ ಕೂತಳು.

ಅದು ಅವಳಿಗೆ ಗೊತ್ತಿತ್ತು. ಅತ್ತೆ ಹೇಳಿ ಗೊತ್ತಾದದ್ದಲ್ಲ. ಏಳು ವರ್ಷದವಳಿದ್ದಾಗ ಚನ್ನರಾಯಪಟ್ಟಣದ ತಾತನ ಮನೆಯಲ್ಲಿ, ಕೊಟ್ಟಿಗೆಯಲ್ಲಿ ನಿಂತು 'ಈ ಹಸೂನ ಯಾವತ್ತು ಮಾರ್ತೀವಿ' ಎಂದು ಕೇಳಿದ್ದಕ್ಕೆ ಅಜ್ಜಿ ಬಾಯಿಯ ಮೇಲೆ ಹೊಡೆದಿದ್ದಳು. ಆಮೇಲೆ ಹೊರಗೆ ಕರೆದುಕೊಂಡು ಹೋಗಿ, ಬೆಲ್ಲ ಕೊಟ್ಟು, ಮೆತ್ತಗೆ ಉತ್ತರ ಹೇಳಿದ್ದಳು. ಆ ಏಟು ಮರೆಯುವಂಥದಲ್ಲ. ಆದರೂ ಮೂರು ವರ್ಷದ ಹಿಂದೆ, ಲೋಹಿತ್ ಹೋಗಿ ಆರು ವಾರಕ್ಕೆ ಕೆಲಸಕ್ಕೆ ಮರಳಿದವಳು, ಪೆಟ್ಟಿಗೆ ಎಲ್ಲಿ ಹಾಕುವುದೆಂಬ ಪ್ರಶ್ನೆ ಬಂದಾಗ 'ಕೊಟ್ಟಿಗೆಯಲ್ಲಿ' ಎಂದಿದ್ದಳು. ಅಲ್ಲಿ ಕರೆಂಟಿದೆ, ಹೆಂಗಸರು ದಿನಕ್ಕೆ ಎರಡು ಸಲ ಅರ್ಧ ಗಂಟೆ ಕದಲದೆ ಕೂರುತ್ತಾರೆ, ಗಂಡಸರು ಬಾಯಿ ಹಾಕುವುದಿಲ್ಲ. ಸಭೆಯಲ್ಲಿ ಎಲ್ಲರೂ ಮೇಜು ತಟ್ಟಿದ್ದರು. ಆ ದಿನಗಳಲ್ಲಿ ಅವಳಿಗೆ ಏನೂ ತಾಗುತ್ತಿರಲಿಲ್ಲ. ಸುಲಭವಾದದ್ದನ್ನು ಸರಿಯೆಂದುಕೊಂಡು ಬೇಗ ಬೇಗ ಮುಗಿಸುತ್ತಿದ್ದಳು.

ಇನ್ನೊಂದು ಇತ್ತು. ಅದು ನೆನಪಾದಾಗ ಅವಳು ಎದ್ದು ನಿಂತಳು. ಹೆಂಗಸರು ಕರೆಯುವಾಗ ಹಸುವಿನೊಡನೆ ಗೊಣಗುತ್ತಲೇ ಇರುತ್ತಾರೆ. ಆ ಗೊಣಗಾಟ ಉತ್ತರದೊಳಗೆ ಬೆರೆಯದಿರಲೆಂದು, ಇಷ್ಟು ದನಿಗಿಂತ ಮೆಲ್ಲಗಿನ ಮಾತೆಲ್ಲ ಹಸುವಿಗೆ ಆಡಿದ್ದು, ಕಿತ್ತುಹಾಕಿ ಎಂದು ನಿಯಮ ಬರೆದವಳೂ ಅವಳೇ.

"ಇನ್ನೊಂದ್ ಮಾತು," ಎಂದಳು ಜವರಮ್ಮ. "ನಿಮ್ಮವ್ವ ಫೋನ್ ಮಾಡಿದ್ರು. ಹಾಸನದ ಕಡೆ ಯಾರೋ ಮೇಷ್ಟ್ರಂತೆ. ಒಳ್ಳೆ ಜನ ಅಂದ್ರು. ಒಳಗೆ ಯೋಳಾಕಾಗಲ್ಲ, ಲೋಹಿತನ ಫೋಟೊ ಅದೆ. ಅದ್ಕೆ ಇಲ್ಲೇ ಯೋಳ್ತಿವ್ನಿ. ಯೋಚ್ನೆ ಮಾಡು."

ಸಿಂಚನಾ ತಲೆ ಆಡಿಸಿದಳು. ಹೂಂ ಎಂದೋ ಉಹೂಂ ಎಂದೋ ಅವಳಿಗೂ ತಿಳಿಯಲಿಲ್ಲ.

*

ಸೋಮವಾರ ಕೋಣೆಗೆ ಬಂದವಳೇ ಅವಳು ಕಿತ್ತುಹಾಕಿದ ಮಾತುಗಳ ಕಡತ ತೆರೆದಳು. ನಿಯಮದ ಪ್ರಕಾರ ಅದನ್ನು ಅಳಿಸಬೇಕಿತ್ತು. ಸದ್ಯ, ಅಳಿಸುವ ಕೆಲಸ ಯಾರಿಗೆ ಸೇರಿದ್ದೆಂದು ತೀರ್ಮಾನವಾಗದೆ ಉಳಿದುಕೊಂಡಿತ್ತು. ಕನ್ನಡದ ಮನೆಗಳು ಎರಡು ಸಾವಿರ. ಮಾರುವ ಪ್ರಶ್ನೆಗೆ ಬಂದ ಉತ್ತರಗಳ ಬೆನ್ನಿಗೇ ಬಂದು ಕಿತ್ತುಹಾಕಿಸಿಕೊಂಡ ಗೊಣಗಾಟವನ್ನಷ್ಟೇ ಹುಡುಕಿದಳು. 'ಬಾ, ಸುಮ್ನಿರು, ಕಾಲೆತ್ತು' ಇಂಥವನ್ನು ಬೇರೆ ಮಾಡಿದಳು.

ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂದು ಸಾವಿರ ತುಣುಕುಗಳು ಸಿಕ್ಕಿದವು. ಆಚ್ಗೆ ಬಾ. ಹೊರಗ ಬಾರವ್ವ. ಹಟ್ಟಿ ತಾಕೆ ಬಾ. ಹಿತ್ತಲಿಗೆ ಬಾ, ಹೇಳ್ತೀನಿ. ಇಲ್ಲಿ ಬ್ಯಾಡ. ಪಕ್ಕದ ಮೇಜಿನ ತೆಲುಗು, ಮರಾಠಿಯವರಿಗೂ ಹುಡುಕಲು ಹೇಳಿದಳು. ಅವರ ಪಟ್ಟಿಗಳೂ ಉದ್ದವಾಗುತ್ತ ಹೋದವು.

ಆ ತುಣುಕುಗಳಿದ್ದ ಉತ್ತರಗಳನ್ನೆಲ್ಲ 'ಉತ್ತರ ಕೊಟ್ಟಿಲ್ಲ' ಎಂದು ಗುರುತಿಸಿ ಲೆಕ್ಕ ಮತ್ತೆ ಹಾಕಿದಳು. ಗೆರೆ ಬರಲಿಲ್ಲ. ಪರದೆಯ ಮೇಲೆ 'ಮಾಹಿತಿ ಸಾಲದು' ಎಂದು ಬಂತು. ಆಡದ ಮಾತು ನೆರಳಿಗೆ ಗೊತ್ತಿರುವುದಿಲ್ಲ. ಹನ್ನೆರಡು ಸಾವಿರ ನೆರಳುಗಳಲ್ಲಿ ಒಂದಕ್ಕೂ ಹಸು ಮಾರುವುದೆಂದರೇನೆಂದೇ ತಿಳಿದಿರಲಿಲ್ಲ.

ಬಾಳಿಗರು ಎರಡು ಗಂಟೆಗೆ ಬಂದರು. ಅವಳು ಬಾಯಿ ತೆರೆದು, "ಸರ್, ಇಪ್ಪತ್ತನಾಲ್ಕು—" ಎನ್ನುವಷ್ಟರಲ್ಲಿ ಅವಳ ಮುಖ ನೋಡಿ ಅವರು ಕೈ ಎತ್ತಿದರು. ಚಾವಣಿಯ ಮೂಲೆಯಲ್ಲಿ ಸಣ್ಣ ಹಸಿರು ದೀಪ ಉರಿಯುತ್ತಿತ್ತು. ಆ ಕೋಣೆಯಲ್ಲಿ ಆಡಿದ್ದೆಲ್ಲ ದಾಖಲಾಗಿ ಒಪ್ಪಂದದ ಕಡತಕ್ಕೆ ಸೇರುತ್ತಿತ್ತು.

"ಬನ್ನಿ, ಹೊರಗೆ ಹೋಗಿ ಮಾತಾಡುವ," ಎಂದರು.

ಸಿಂಚನಾಗೆ ನಗು ಬಂದಂತಾಯಿತು. ನಕ್ಕಿದ್ದರೆ ಅಳು ಬರುತ್ತಿತ್ತು.

ಮೊಗಸಾಲೆಯಲ್ಲಿ, ನೀರಿನ ಯಂತ್ರದ ಪಕ್ಕ, ಅವಳು ಎಲ್ಲವನ್ನೂ ಹೇಳಿದಳು. ಬಾಳಿಗರು ಕಾಗದದ ಲೋಟ ಮಡಿಸುತ್ತ ಬಿಚ್ಚುತ್ತ ಕೇಳಿದರು.

"ನಿಜವಾದ ಗೆರೆ ಎಷ್ಟು?"

"ಗೊತ್ತಿಲ್ಲ ಸರ್. ನಮ್ಮತ್ತೆ ಮೂವತ್ತೈದಕ್ಕೇ ಒಂದು ಹಸು ಮಾರಿದರು."

"ಒಂದು ಮನೆ."

"ನಾವು ಕೇಳಿದ ಒಂದೇ ಮನೆ."

ಅವರು ಲೋಟವನ್ನು ಬುಟ್ಟಿಗೆ ಹಾಕಿದರು. ಕೆಟ್ಟ ಮನುಷ್ಯರಲ್ಲ. ಹನ್ನೊಂದು ವರ್ಷ ಇಂಥ ಮೇಜುಗಳ ಮುಂದೆ ಕೂತು ಸೊಂಟ ಹಿಡಿಸಿಕೊಂಡವರು.

"ನೋಡಿ ಅಮ್ಮ. ನಾಡಿದ್ದು ಸಹಿ. ಹಾಲನ್ನು ಹಿಂದೆ ತೆಗೆದುಕೊಂಡರೆ ಅವರು ಸುಮ್ಮನೆ ಎದ್ದು ಹೋಗುವುದಿಲ್ಲ. ಅದರ ಜಾಗಕ್ಕೆ ಬೇರೆ ಏನಾದರೂ ಕೇಳುತ್ತಾರೆ. ನಾನು ಕೊಡಬೇಕಾಗುತ್ತದೆ. ಯಾರದನ್ನು ಕೊಡಲಿ? ನೀವೇ ಹೇಳಿ."

ಅವಳು ನೀರಿನ ಯಂತ್ರದ ಕಡೆ ತಿರುಗಿದಳು.

"ಮತ್ತೆ ನಿಮ್ಮ ನೆರಳುಗಳು. ಇದು ಹೊರಗೆ ಬಿದ್ದರೆ ಅವತ್ತೇ ಮುಚ್ಚಿಸುತ್ತಾರೆ, ನಿಮ್ಮನ್ನೂ ಸೇರಿಸಿ. ಇಲ್ಲಿ ಹೇಳಿದ್ದೀರಿ, ನಾನು ಕೇಳಿದ್ದೇನೆ. ಏಳು ವರ್ಷ ಇದೆ, ನಿಧಾನವಾಗಿ ನೋಡುವ. ಒಳಗೆ ಹೋಗಿ ಆ ಮಾತು ಎತ್ತಬೇಡಿ."

"ಆ ಹೆಂಗಸರೂ ಹಾಗೇ ಮಾಡಿದ್ದು ಸರ್," ಎಂದಳು ಸಿಂಚನಾ. "ಒಳಗೆ ಎತ್ತಲಿಲ್ಲ."

ಅವಳು ಒಳಗೆ ಹೋದಳು. ಬಾಳಿಗರು ತಡೆಯಲಿಲ್ಲ, ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಹಸಿರು ದೀಪದ ಕೆಳಗೆ ನಿಂತು ಅವಳು ಹೆಸರು, ಹುದ್ದೆ, ತಾರೀಖು ಹೇಳಿದಳು. ಹಾಲಿನ ಗೆರೆ ತಪ್ಪು ಎಂದಳು. ಪೆಟ್ಟಿಗೆಯನ್ನು ಕೊಟ್ಟಿಗೆಯಲ್ಲಿ ಹಾಕಿಸಿದ್ದು ತಾನು, ಹಸುವಿನೆದುರು ಮಾರುವ ಮಾತು ಆಡುವುದಿಲ್ಲವೆಂಬುದು ತನಗೆ ಮೊದಲೇ ಗೊತ್ತಿತ್ತು, ಮೆಲ್ಲಗಿನ ಮಾತನ್ನು ಕಿತ್ತುಹಾಕಿಸಿದ್ದೂ ತಾನು ಎಂದಳು. ಆಮೇಲೆ ಧ್ವನಿವರ್ಧಕ ಹಾಕಿ, ಎಸೆದ ತುಣುಕುಗಳನ್ನು ಒಂದರ ಹಿಂದೊಂದು ಬಿಟ್ಟಳು. ಹಾಲು ಪಾತ್ರೆಗೆ ಬೀಳುವ ಸದ್ದಿನ ನಡುವೆ, ಸಾವಿರಾರು ಹೆಂಗಸರು ದನಿ ತಗ್ಗಿಸಿ ಕರೆದರು. ಆಚ್ಗೆ ಬಾ. ಆಚ್ಗೆ ಬಾ ಮಗ. ಯೋಳ್ತೀನಿ, ಆಚ್ಗೆ ಬಾ.

ಎಷ್ಟೋ ಹೊತ್ತಿನ ಮೇಲೆ ಬಾಳಿಗರು, "ನಿಲ್ಲಿಸಿ ಅಮ್ಮ, ಸಾಕು," ಎಂದರು.

ದಾಖಲೆಯಲ್ಲಿ ಸೇರಿದ ಮಾತನ್ನು ಇಲ್ಲವೆನ್ನಲು ಬರುವುದಿಲ್ಲ. ಬುಧವಾರ ಹಾಲಿನ ಪುಡಿಯ ಸಾಲು ಒಪ್ಪಂದದಿಂದ ಹೊರಗೆ ಬಂತು. ಅದರ ಜಾಗದಲ್ಲಿ ಹಳದಿ ಬಟಾಣಿ ಹೋಯಿತು. ಅಗ್ಗದ ಬಟಾಣಿ ಬಂದರೆ ತೊಗರಿ, ಕಡಲೆಯ ಬೆಲೆ ಏನಾಗುತ್ತದೆಂದು ಸಿಂಚನಾಗೆ ಗೊತ್ತಿತ್ತು. ಬೇಳೆ ಬೆಳೆಯುವವರ ನೆರಳುಗಳನ್ನು ಕಟ್ಟಿದವರು ಬೇರೆ ಯಾರೋ. ಅವರ ಗೆರೆ ಗಟ್ಟಿಯಾಗಿದೆ ಎಂದರು. ಆ ಪೆಟ್ಟಿಗೆಗಳನ್ನು ಎಲ್ಲಿ ತೂಗುಹಾಕಿದ್ದರೆಂದು ಅವಳು ಕೇಳಲಿಲ್ಲ. ಕೇಳಬಹುದಿತ್ತು. ಅಷ್ಟರಲ್ಲಿ ಅವಳ ಗುರುತಿನ ಚೀಟಿ ವಾಪಸ್ಸು ತೆಗೆದುಕೊಂಡಿದ್ದರು ನಿಜ. ಆದರೂ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಲು ಗುರುತಿನ ಚೀಟಿ ಬೇಕಿರಲಿಲ್ಲ.

*

ಎರಡು ವಾರದ ನಂತರ ಅವಳು ಕೊಪ್ಪಲಿಗೆ ಬಂದಾಗ ಕೆಂಪಿ ಇರಲಿಲ್ಲ. ಗೂಟ ಹಾಗೇ ಇತ್ತು. ಗೌರಿ ಆ ಕಡೆಗೆ ಸರಿದು ನಿಲ್ಲದೆ, ತನ್ನ ಅರ್ಧದಲ್ಲೇ ನಿಂತಿತ್ತು. ಡೇರಿಯವರು ಮೂರು ರೂಪಾಯಿಯಲ್ಲಿ ಎರಡನ್ನು ಮರಳಿ ಏರಿಸಿದ್ದಾರೆಂದು ದಾರಿಯಲ್ಲೇ ಪುಟ್ಟತಾಯಮ್ಮ ಹೇಳಿದ್ದಳು. "ಯಾರೋ ಪುಣ್ಯಾತ್ಗಿತ್ತಿ ದೆಲ್ಲೀಲಿ ನಮ್ ಪರ್ವಾಗಿ ಮಾತಾಡಿದ್ಲಂತೆ. ನಿನ್ಗೇನಾರ ಗೊತ್ತಾ?"

"ಗೊತ್ತಿಲ್ಲ ದೊಡ್ಡಮ್ಮ."

ಜವರಮ್ಮ ಕರೆಯಲು ಕೂತಿದ್ದಳು. ಸೊಸೆ ಬಂದದ್ದು ನೋಡಿ ಮಣೆಯ ಮೇಲೆಯೇ ಸರಿದು ಜಾಗ ಮಾಡಿದಳು. "ಗೌರಿ ಮೂರು ದಿನ ಸರ್ಯಾಗಿ ಸೊರ ಬುಡ್ನಿಲ್ಲ," ಎಂದಳು. "ಈಗ ಪರ್ವಾಗಿಲ್ಲ. ಒಳ್ಳೆ ಮನೇಗೇ ಹೋದ್ಲು ಬುಡು ಅವಳು."

ಕೆಂಪಿಯ ಹೆಸರನ್ನು ಅವಳು ಎತ್ತಲಿಲ್ಲ.

ಸಿಂಚನಾ ಎದ್ದು ಮೊಳೆಯಿಂದ ಪೆಟ್ಟಿಗೆ ಬಿಚ್ಚಿದಳು. ವೈರು ಸುತ್ತಿ ಕೈಯಲ್ಲಿ ಹಿಡಿದುಕೊಂಡಳು. ಗೋಡೆಯ ಮೇಲೆ ಅದಿದ್ದ ಜಾಗ ಚೌಕವಾಗಿ, ಹೊಗೆ ಹಿಡಿಯದೆ, ಬೆಳ್ಳಗೆ ಉಳಿದಿತ್ತು. ಪತ್ರಿಕೆಯಲ್ಲಿ ಬಂದ ಮಾತು ಆಡಿದ್ದು ಯಾರು, ಬೆಲೆ ಇಳಿದದ್ದು ಯಾಕೆ, ಭಾನುವಾರ ಬೆಳ್ಳೂರಿನವರು ಹಗ್ಗ ಹಿಡಿದು ಬರುವಂತೆ ಮಾಡಿದ್ದು ಯಾವುದು, ಎಲ್ಲವನ್ನೂ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದಳು. ಹಸಿರು ದೀಪದ ಮುಂದೆ ಸರಾಗವಾಗಿ ಬಂದ ಮಾತು ಇಲ್ಲಿ ಬರಲೊಲ್ಲದು.

ಹಾಲಿನ ಸದ್ದು ನಿಂತಿತು. ಜವರಮ್ಮ ಪಾತ್ರೆ ಎತ್ತಿಟ್ಟು, ಗೌರಿಯ ಬೆನ್ನು ತಟ್ಟಿ ಎದ್ದಳು.

"ಯಾಕವ್ವ, ಹಂಗ್ ನಿಂತ್ಬುಟ್ಟೆ? ಅದ್ರ ತೂಕ ಜಾಸ್ತಿಯಾ?"

ಗೌರಿ ಮೆಲುಕು ನಿಲ್ಲಿಸಿ, ಕಿವಿ ಈ ಕಡೆ ತಿರುಗಿಸಿತು. ಸಿಂಚನಾ ಅದನ್ನು ನೋಡಿದಳು. ಆಮೇಲೆ ತುಟಿಯಷ್ಟೇ ಅಲುಗಿಸಿ ಹೇಳಿದಳು.

"ಅತ್ತೆ, ಆಚೆ ಬನ್ನಿ. ಹೇಳ್ತೀನಿ."